ಅಜ್ಜಿಯ ಮಡಿಯೂ ಮೊಮ್ಮಗನ ಶಾಲೆಯೂ

ಊರ ಮಕ್ಕಳನ್ನೆಲ್ಲ ಶಾಲೆಗೆ ಹಾಕಿರೆಂದು ಉಪದೇಶ ಮಾಡುವುದು ನನ್ನ ಹೊಟ್ಟೆಪಾಡು. ರಾಯಚೂರಿನಲ್ಲಿ ಮಾಸ್ತರಿಕೆ ಮಾಡುವವನು ಬೇರೇನು ಹೇಳಿಯಾನು? ಆದರೆ ನಮ್ಮ ಓಣಿಯಲ್ಲೇ ಶಿಶುವಿಹಾರವೊಂದು ತೆರೆದು, ನಾಲ್ಕು ವರ್ಷದ ನನ್ನ ಮಗ ವಾಸುವನ್ನೂ ಕಳಿಸಿರೆಂದು ಅಲ್ಲಿ ಕಲಿಸುವ ಅಕ್ಕೋರು ಮನೆಗೆ ಬಂದು ಕೇಳಿದಾಗ ಆ ಉಪದೇಶವೆಲ್ಲ ಮರೆತೇಹೋಯಿತು. ನಾನು ಅವ್ವನ ಮುಖ ನೋಡಿದೆ.

ಅವ್ವ ಮಾನವಿ ಕಡೆಯವಳು. "ಇಷ್ಟು ಸಣ್ಣ ಕೂಸಿಗೆ ಸಾಲಿ ಯಾಕ ಬೇಕವ್ವಾ? ನನ್ನ ಹಂತ್ಯಾಕ ಕೂತು ಕಲ್ಯಾಕತ್ತದಲ್ಲ" ಎಂದಳು. ಸುಳ್ಳಲ್ಲ. ಅವಳು ಜೋಳ ಹಸನು ಮಾಡುವಾಗ ಅವನಿಗೆ ಎಣಿಕೆ, ಮೊಸರು ಕಡೆಯುವಾಗ ದೇವರ ಹಾಡು. ದೇವದುರ್ಗದವಳಾದ ನನ್ನ ಹೆಂಡತಿಗೆ ಮಾತ್ರ, ತನಗೆ ಓದು ಸಿಗಲಿಲ್ಲವೆಂಬ ಸಿಟ್ಟು ಇನ್ನೂ ಆರಿರಲಿಲ್ಲ. "ಏನ್ರಿ, ಮಂದಿ ಮಕ್ಕಳಿಗಷ್ಟ ಮಾಸ್ತರೇನು ನೀವು?" ಎಂದಳು. ಮರುದಿನವೇ ವಾಸು ಹೊಸ ಅಂಗಿ ಚಡ್ಡಿ ತೊಟ್ಟು ಹೊರಟ.

ಮನೆಯಲ್ಲಿ ಕಲಿಯುವ ಮಗು ಶಿಸ್ತಿಲ್ಲದೆ ಬೆಳೆಯುತ್ತದೆ ಎನ್ನುವವರು ಮಡಿಯ ಅಡುಗೆಮನೆ ನೋಡಿಲ್ಲ. ಅಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾವ ತಪ್ಪೇಲಿ-ಪಾತ್ರೆ ಮುಟ್ಟಬಾರದು ಎಂಬುದಕ್ಕೆಲ್ಲ ಕಾನೂನುಂಟು. ಗಂಟೆ ಬಾರಿಸುವ ಜವಾನನೊಬ್ಬನಿಲ್ಲ, ಅಷ್ಟೆ. ಮಡಿಯುಟ್ಟ ಅಜ್ಜಿಯನ್ನು ಅವಳ ಊಟವಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಚಿಕ್ಕ ಮಕ್ಕಳಿಗೆ ಮಾತ್ರ ರಿಯಾಯಿತಿ: ಬಟ್ಟೆ ತೆಗೆದಿಟ್ಟು ಬಂದರೆ ಮೈಲಿಗೆಯಿಲ್ಲ. ಮೈಲಿಗೆ ಇರುವುದು ಬಟ್ಟೆಯಲ್ಲೇ ಹೊರತು ಮಗುವಿನಲ್ಲಲ್ಲ ಎಂದು ಕಂಡುಕೊಂಡ ಹಿರಿಯರು ಯಾರೋ, ಅವರಿಗೂ ಒಬ್ಬ ಮೊಮ್ಮಗನಿದ್ದಿರಬೇಕು. ಹೊಸ್ತಿಲಲ್ಲಿ ಅಂಗಿ ಚಡ್ಡಿ ಕಳಚಿಟ್ಟು ಅಜ್ಜಿಯ ತೊಡೆಯೇರುವುದು ವಾಸುವಿನ ನಿತ್ಯದ ಪಾಠವಾಗಿತ್ತು.

ಶಿಶುವಿಹಾರದ ಅಕ್ಕೋರು "ಬಾ ಯಪ್ಪಾ, ಒಳಗ ಬಾ" ಎಂದು ಪ್ರೀತಿಯಿಂದ ಕರೆದರು. ಇವನು ಹೊಸ್ತಿಲಲ್ಲಿ ನಿಂತು, ಹೊಸ ಬಟ್ಟೆ ಕಳಚಿ ಒಂದರ ಮೇಲೊಂದು ಇಟ್ಟು, ಒಳಗೆ ಹೋಗಿ ಕೈಮುಗಿದ. ಮಕ್ಕಳೆಲ್ಲ ಹೋ ಎಂದು ನಕ್ಕರು. ಸಂಜೆ ಅಕ್ಕೋರು ಬಂದು, "ಮಾಸ್ತರ್ರ, ಮನ್ಯಾಗ ಒಂಚೂರು ಶಿಸ್ತು ಕಲಸ್ರಿ" ಎಂದರು. ಅವನು ತೋರಿಸಿದ್ದೇ ಶಿಸ್ತು ಎಂದು ಅವರಿಗೆ ಹೇಗೆ ತಿಳಿಸಲಿ? ಹೂಂ ಎಂದೆ.

ಆಗ ನಮ್ಮದು ನಿಜಾಮರ ರಾಜ್ಯ, ಶುಕ್ರವಾರ ಶಾಲೆಗೆ ಸೂಟಿ. ಆ ಶುಕ್ರವಾರ ಅವ್ವ ಒಳಗಿನಿಂದ, "ಅಂಗಿ ತಗದಿಟ್ಟು ಬಾರೋ ರಾಜಾ" ಎಂದು ಕರೆದಳು. ವಾಸು ಚಡ್ಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹೊಸ್ತಿಲಾಚೆಯೇ ನಿಂತ. "ಒಲ್ಲೆ. ನಗ್ತಾರ" ಎಂದ. ಅವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳು ಹೊರಗೆ ಬರುವಂತಿಲ್ಲ, ಅವನು ಒಳಗೆ ಹೋಗುವುದಿಲ್ಲ. ಅಂದಿನ ಸಾರಿಗೆ ಉಪ್ಪು ಬಿದ್ದಿರಲಿಲ್ಲ. ಹಾಗೆಯೇ ಉಂಡೆವು. ಶಾಲೆ ಬಿಡಿಸಿಬಿಡೋಣವೇ ಎಂದು ಹೆಂಡತಿಯನ್ನು ಕೇಳಿದೆ. ಅಷ್ಟು ಹಟದ ಹೆಂಗಸು, ಅವಳೂ ಬೇಡವೆನ್ನಲಿಲ್ಲ.

ಬೇಡವೆಂದವಳು ಅವ್ವ. "ನಾಚಿಕಿ ಬಂದದ ಕೂಸಿಗೆ. ಇಂದಿಲ್ಲ ನಾಳೆ ಬರೂದ ಅದು. ಸಾಲಿ ಬಿಡಿಸಿದ್ರ ಹೋಗ್ತದೇನು?" ಎಂದು ಟ್ರಂಕು ತೆಗೆದಳು. ಯುದ್ಧದ ಕಾಲ, ಗಜ ಬಟ್ಟೆಗೂ ಪರದಾಟ. ಅಪ್ಪ ಹೋದ ಮೇಲೆ ಉಡದೆ ಇಟ್ಟಿದ್ದ ತನ್ನ ಮದುವೆಯ ರೇಷ್ಮೆ ಸೀರೆಯನ್ನು ಬಿಡಿಸಿದಳು. ರೇಷ್ಮೆಗೆ ಮೈಲಿಗೆಯಿಲ್ಲ, ಅದೂ ನಮ್ಮ ಕಾನೂನೇ. ನಾವು ಬೇಡ ಬೇಡವೆನ್ನುತ್ತಿರುವಾಗಲೇ ಕತ್ತರಿ ಆಡಿತು. ತಾನೇ ಕೂತು ಒಂದು ಚಡ್ಡಿ ಹೊಲಿದಳು. ಒಂದು ಕಾಲು ಗಿಡ್ಡ, ಇನ್ನೊಂದು ಉದ್ದ.

ಮುಂದಿನ ಶುಕ್ರವಾರ ಅದನ್ನು ತೊಟ್ಟು ವಾಸು ಅಜ್ಜಿಯ ತೊಡೆಯ ಮೇಲೆ ದರಬಾರು ಮಾಡಿದ. ಶಿಶುವಿಹಾರದ ಪದ್ಯವನ್ನು ಅವನು ಹೇಳಿಕೊಟ್ಟ, ಅವಳು ತಪ್ಪುತಪ್ಪಾಗಿ ಹೇಳಿ ಬೈಸಿಕೊಂಡಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಎಳೆಯ ಮಗು ಮನೆಯಲ್ಲಿ ಕಲಿಯಬೇಕೋ ಶಾಲೆಯಲ್ಲೋ ಎಂದು ಚರ್ಚೆ ಮಾಡುವವರು ಮಾಡಲಿ. ಶಾಲೆಗೆ ಹೋದ ಮಗು ದಿನವೂ ಬೇರೊಂದು ಅಳತೆಯದಾಗಿ ತಿರುಗಿ ಬರುತ್ತದೆ. ಆ ಅಳತೆಗೆ ತನ್ನ ಸೀರೆ ಕತ್ತರಿಸುವವರು ಮನೆಯಲ್ಲಿ ಒಬ್ಬರಿದ್ದರೆ, ಧೈರ್ಯವಾಗಿ ಕಳಿಸಬಹುದು.