ಚಿನಾರಾಳ ಓಟ ನಿಲ್ಲಿಸಿದವರು

ಚಿನಾರಾಳ ಓಟ ನಿಲ್ಲಿಸಿದವರಲ್ಲಿ ನಾನೂ ಒಬ್ಬಳು. ಅವಳ ಅಣ್ಣ ಮಾಕ್ಸತ್‌ನ ಹೆಂಡತಿ ನಾನು. ನಮ್ಮಲ್ಲಿ ನಾದಿನಿಯ ಮಾನ ಕಾಯುವುದು, ಅವಳಿಗೆ ಗಂಡು ಕುದುರಿಸುವುದು, ಎಲ್ಲವನ್ನೂ ಅತ್ತಿಗೆಯ ತಲೆಗೇ ಕಟ್ಟುತ್ತಾರೆ. ಹೆಚ್ಚುಕಡಿಮೆಯಾದರೆ ಬೈಗುಳವೂ ಅವಳಿಗೇ.

ಹದಿನೈದರ ಹುಡುಗಿ ದಿನಾ ಬೆಳಿಗ್ಗೆ ಆತ್-ಬಾಶಿ ಹೊಳೆಯ ದಂಡೆಗುಂಟ ಸೇತುವೆವರೆಗೆ ಓಡಿ ಬರುತ್ತಿದ್ದಳು. ಬಂದವಳೇ ರೊಟ್ಟಿ, ಮೊಸರು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ತಿನ್ನುವಳು, ತಿನ್ನುತ್ತಲೇ ಹರಟುವಳು. ಇವಳ ಬಾಯಿಗೆ ಬೀಗ ಹಾಕುವವರಿಲ್ಲವೇ ಎಂದು ನಾನೇ ಗೊಣಗುತ್ತಿದ್ದೆ. ಜಿಲ್ಲೆಯ ಓಟದಲ್ಲಿ ಗೆದ್ದು ಬಂದಳು ನೋಡಿ, ಊರ ಹೆಂಗಸರ ನಾಲಗೆಗೆ ಕೆಲಸ ಸಿಕ್ಕಿತು. ಚಡ್ಡಿ ಹಾಕಿಕೊಂಡು ಓಡುವ ಕಡ್ಡಿಯನ್ನು ಯಾರು ಸೊಸೆ ಮಾಡಿಕೊಳ್ಳುತ್ತಾರೆ ಎಂದರು. ಅಂದೇ ಮಾಕ್ಸತ್ ಅವಳ ಬೂಟುಗಳನ್ನು ಒಲೆಗೆ ಹಾಕಿದ. ಒಲೆಯ ಬಾಗಿಲು ತೆರೆದು ಹಿಡಿದವಳು ನಾನು, ಸುಳ್ಳೇಕೆ ಹೇಳಲಿ.

ಆಮೇಲೆ ಹುಡುಗಿಗೆ ನಿದ್ದೆ ಹೋಯಿತು, ಹಸಿವು ಹೋಯಿತು, ಮಾತು ಹೋಯಿತು. ಶಾಲೆಯಿಂದ ಬಂದು ಕಿಟಕಿಯ ಪಕ್ಕ ಕೂತರೆ ಕೂತೇ ಇರುವಳು. ಅವಳ ತಾಯಿ, ನನ್ನ ಅತ್ತೆ ಬುರುಲ್, ಮೈಗೆ ಶೀತ ಹೊಕ್ಕಿದೆ ಎಂದು ತೀರ್ಮಾನಿಸಿದಳು. ಶೀತಕ್ಕೆ ಮದ್ದು ಗೊತ್ತೇ ಇದೆಯಲ್ಲ: ಮೈಮೇಲೆ ಏಳು ರಜಾಯಿ, ಹೊಟ್ಟೆಗೆ ಕುರಿಯ ಬಾಲದ ಕೊಬ್ಬು. ಹಿರಿಯರು ಕೈಯಾರೆ ಬಾಯಿಗಿಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಅತ್ತೆ ಬಿಸಿ ಕೊಬ್ಬನ್ನು ಹಿಡಿತುಂಬ ಹಿಡಿದು ತುರುಕುವಳು. ಹುಡುಗಿ ಲಾಯದ ಹಿಂದೆ ಹೋಗಿ ವಾಂತಿ ಮಾಡಿ ಬರುವಳು. ಅತ್ತೆ ಇನ್ನೊಂದು ಹಿಡಿ ತುರುಕುವಳು. ಪ್ರೀತಿಯೇ ಅದು, ಬೇರೇನಲ್ಲ. ನೋಡಲಾಗುತ್ತಿರಲಿಲ್ಲ.

ಎರಡು ಚಳಿಗಾಲದಲ್ಲಿ ಚಿನಾರಾ ಗುಂಡಗಾದಳು. ಬಂದ ನೆಂಟರೆಲ್ಲ ಈಗ ಕಳೆ ಬಂತು ಎಂದು ಕೆನ್ನೆ ಹಿಂಡಿದರು. ಅವಳು ಕೂತಲ್ಲೇ ಒಂದೊಂದಾಗಿ ತಲೆಗೂದಲು ಕಿತ್ತುಕೊಳ್ಳುತ್ತಿದ್ದುದು ನಮಗೆ ಮಾತ್ರ ಗೊತ್ತು. ನೆತ್ತಿ ಬೋಳಾದಾಗ ಅತ್ತೆ ಬಿಗಿಯಾಗಿ ರುಮಾಲು ಕಟ್ಟಿದಳು. ಆಗ ನನಗೆ ಹೆದರಿಕೆಯಾಯಿತು. ಹಲ್ಲುನೋವಿನ ನೆಪ ಹೇಳಿ ಅವಳನ್ನು ನಾರಿನ್ ಪಟ್ಟಣದ ಮನೋರೋಗದ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಆಕೆ ರುಮಾಲು ಬಿಚ್ಚಿ ನೋಡಿದಳು, ಹುಡುಗಿಯನ್ನು ಹೊರಗೆ ಕಳಿಸದೆ ಅವಳೆದುರೇ ನನಗೆ ಹೇಳಿದಳು.

"ಇವಳಿಗೆ ಶೀತ ಅಲ್ಲಮ್ಮ, ಮನಸ್ಸಿಗೆ ಕಾಯಿಲೆ. ವಾರಕ್ಕೊಂದ್ಸಲ ನನ್ಹತ್ರ ಕರ್ಕೊಂಡು ಬನ್ನಿ. ಹಸಿವಾದಾಗ ತಿನ್ನೋಕೆ ಕೊಡಿ, ತುರುಕಬೇಡಿ. ಮತ್ತೆ ಓಡೋಕೆ ಬಿಡಿ."

ಹಿಂದಿರುಗುವಾಗ ವ್ಯಾನಿನಲ್ಲಿ ಚಿನಾರಾ ನನ್ನ ತೋಳು ಹಿಡಿದುಕೊಂಡಳು.

"ಅತ್ತಿಗೆ, ಮನೇಲಿ ಹೇಳ್ತೀರಾ?"

"ಹೇಳ್ತೀನಿ ಕಣೇ."

ಹೇಳಲಿಲ್ಲ. ಆ ವಾರವೇ ಗಂಡಿನ ಕಡೆಯವರು ಬರುವವರಿದ್ದರು. ತಲೆಯ ಡಾಕ್ಟರ ಹತ್ತಿರ ಹೋದವಳು ಎಂದು ತಿಳಿದರೆ ಸಂಬಂಧ ಮುರಿದುಬೀಳುತ್ತದೆ, ಅದು ಆಮೇಲೆ ನನ್ನ ಮಕ್ಕಳ ಮದುವೆಗೂ ಅಡ್ಡ ಬರುತ್ತದೆ. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಥೂ ನನ್ನ ಜನ್ಮಕ್ಕೆ.

ಅವರು ಬಂದರು. ನಮ್ಮಲ್ಲಿ ಗಂಡಿನ ಕಡೆಯವರು ಹುಡುಗಿಯ ಕಿವಿಗೆ ಓಲೆ ತೊಡಿಸಿದರೆ ಮದುವೆಯ ಮಾತು ನಿಶ್ಚಯವಾದಂತೆ. ಹುಡುಗನ ತಾಯಿ ಚಿನಾರಾಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಇಷ್ಟು ಸಾಧು ಹುಡುಗಿ ಈಗಿನ ಕಾಲದಲ್ಲಿ ಸಿಗುವುದಿಲ್ಲ ಎಂದು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹೊರಗೆ ತಿರುಗೋ ಚಟ ಏನೂ ಇಲ್ಲ ತಾನೇ?"

ಚಿನಾರಾ ತಲೆಯೆತ್ತಿ ನನ್ನನ್ನೇ ನೋಡಿದಳು.

"ಅಂಥದ್ದೇನೂ ಇಲ್ಲಮ್ಮ, ಹೊಸ್ತಿಲು ದಾಟೋಳಲ್ಲ," ಎಂದೆ.

ಬೆಳ್ಳಿಯ ಓಲೆಗಳನ್ನು ತೊಡಿಸಿದರು. ನೆಂಟರು ಹೋದ ಮೇಲೆ ನಾನು ಅವಳ ಪಕ್ಕ ಕೂತೆ. ಇನ್ನೂ ಹೊತ್ತು ಮೀರಿಲ್ಲ, ಇವತ್ತೇ ನಿನ್ನಣ್ಣನಿಗೆ ಎಲ್ಲ ಹೇಳಿಬಿಡುತ್ತೇನೆ ಎಂದೆ. ಈ ಸಲ ನಿಜವಾಗಿಯೂ ಹೇಳುವವಳಿದ್ದೆ. ಚಿನಾರಾ ನನ್ನ ಕೈಯನ್ನು ಮೆಲ್ಲಗೆ ತನ್ನ ಮೊಣಕಾಲ ಮೇಲಿಂದ ತೆಗೆದಿಟ್ಟಳು.

"ಬೇಡ ಬಿಡಿ ಅತ್ತಿಗೆ," ಎಂದಳು. "ಓಡಬೇಕು ಅಂತ ನನಗೀಗ ಅನ್ನಿಸೋದೇ ಇಲ್ಲ."