ಲೊಡಲೊಡ ಅಂದ ಕಾಯಿ

ಕೇಳಿ ಗೆಳೆಯರೇ, ಭೌತ, ರಸಾಯನ, ಸಸ್ಯಶಾಸ್ತ್ರಗಳನ್ನು ಒಟ್ಟಿಗೇ ಕಲಿಸುವ ನಮ್ಮ ಅರಸೀಕೆರೆ ಕಾಲೇಜಿನ ಹೊಸ ಕೋರ್ಸಿಗೆ ಇವತ್ತು ಮೌಖಿಕ ಪರೀಕ್ಷೆ. ಫೇಲಾದರೆ ನಾನು ಊರಿಗೆ ವಾಪಸ್ಸು. ಕಚ್ಚೆಪಂಚೆ, ಕೋಟಿನ ಮೂವರು ಮೇಷ್ಟ್ರು ಮೇಜಿನ ಮೇಲೆ ಒಂದು ತೆಂಗಿನಕಾಯಿ ಇಟ್ಟುಕೊಂಡು ಕೂತಿದ್ದರು.

"ಒಡೆಯದೆ ಹೇಳಪ್ಪ, ಒಳಗೆ ಕೊಬ್ಬರಿ ಆಗಿದೆಯೋ ಇಲ್ವೋ?"

ಓದಿದ್ದೆಲ್ಲ ಮರೆತುಹೋಯಿತು. ನಮ್ಮೂರು ಹಾರನಹಳ್ಳಿಯಲ್ಲಿ ಮನೆ ಅಟ್ಟದ ಮೇಲೆ ಅವ್ವ ಮಾಡುವಂತೆ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ. "ಒಳಗಿಂದು ಚಿಪ್ಪು ಬಿಟ್ಕೊಂಡು ಲೊಡಲೊಡ ಅಂತೈತೆ ಸಾರ್, ಕೊಬ್ಬರಿ ಆಗೈತೆ."

"ಶಬ್ದ! ಇದು ನನ್ನ ವಿಷಯ" ಎಂದರು ಭೌತಶಾಸ್ತ್ರದವರು.

"ನೀರು ಆರದೆ ಶಬ್ದ ಎಲ್ಲಿಂದ ಬಂತು ರೀ?" ಎಂದರು ರಸಾಯನದವರು.

"ಮೊದಲು ಅದು ಹಣ್ಣು ಕಣ್ರೀ!" ಎಂದು ಸಸ್ಯಶಾಸ್ತ್ರದವರು ಎದ್ದೇ ನಿಂತರು.

ಆ ಗಲಾಟೆಯಲ್ಲೇ ಯಾರೋ "ಪಾಸು, ಹೋಗಪ್ಪ" ಎಂದುಬಿಟ್ಟರು.

ಅವ್ವನಿಗೂ ಹೊಸ ಕೋರ್ಸಿಗೂ ನಾನು ಋಣಿ. ಮೇಷ್ಟ್ರು ಒಬ್ಬರೇ ಇದ್ದಿದ್ದರೆ ಎರಡನೇ ಪ್ರಶ್ನೆ ಕೇಳಿಬಿಡುತ್ತಿದ್ದರು.