ಮೇಡಂ ಅವರ ಉರಿಯದ ಕೈ

ಕಳೆದ ವಾರ ಕೋಟೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಕೂತಿದ್ದೆ. ಆಗಷ್ಟೇ ತೊಳೆದ ಕೈ ಒರೆಸಿಕೊಳ್ಳುತ್ತಾ ನರ್ಸ್ ಪಕ್ಕದಲ್ಲೇ ಹಾದುಹೋದರು. ಕೆಂಪು ಸೋಪಿನ ಘಾಟು, ಅದರೊಳಗೆ ಸ್ವಲ್ಪ ಫಿನಾಲ್... ಇಪ್ಪತ್ತು ವರ್ಷದ ಹಿಂದಿನ ನಮ್ಮ ಲ್ಯಾಬು ಕಣ್ಣೆದುರು ಬಂತು.

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ನಮಗೆ ಜೀವಶಾಸ್ತ್ರ ಕಲಿಸುತ್ತಿದ್ದ ಮೇಡಂ ಹತ್ತಿರ ಸೇರಿದ್ದೆ. ಊರೊಳಗಿನ ಹೊಸಮನೆ ಬಡಾವಣೆಯಿಂದ ನಾನು ತಲುಪುವಷ್ಟರಲ್ಲಿ ಅವರು ಭದ್ರಾವತಿಯಿಂದ ಮೊದಲ ಬಸ್ಸಿಗೆ ಬಂದು ರೇಷ್ಮೆ ಹುಳುಗಳನ್ನು ಕೊಯ್ಯುತ್ತಾ ಕೂತಿರುತ್ತಿದ್ದರು. ರೇಷ್ಮೆ ಗ್ರಂಥಿಯಲ್ಲಿ ಪುಟ್ಟ ಆರ್‌ಎನ್‌ಎಗಳು ರಾಶಿರಾಶಿ ಇರುತ್ತವೆ. ಪ್ರೋಟೀನು ಕಟ್ಟುವ ಜಾಗಕ್ಕೆ ಸಾಮಾನು ಹೊತ್ತು ತರುವುದು ಅವುಗಳ ಕೆಲಸ. ಅಂಥ ಒಂದೊಂದು ಆರ್‌ಎನ್‌ಎಗೂ ಜೀನ್‌ಗಳ ಒಂದು ಕುಟುಂಬವೇ ಇದೆ. ಕೆಲವು ಒಟ್ಟಿಗೆ, ಕೆಲವು ಎಲ್ಲೋ ದೂರದಲ್ಲಿ ಒಂಟಿಯಾಗಿ.

"ಈ ಜೀನ್‌ಗಳ ಒಳಗಿನ ಅಕ್ಷರ ಎಲ್ಲಾ ಒಂದೇ ಮಾರಾಯ್ತಿ," ಎನ್ನುತ್ತಿದ್ದರು ಮೇಡಂ. "ಆದ್ರೂ ಒಂದು ಜೋರಾಗಿ ದುಡಿಯುತ್ತೆ, ಇನ್ನೊಂದು ಬಾಯೇ ಬಿಡಲ್ಲ. ಪಕ್ಕದ ಡಿಎನ್‌ಎ ಏನೋ ತಡೀತಿದೆ. ಅದನ್ನ ಹಿಡೀಬೇಕು."

ಆರ್‌ಎನ್‌ಎ ಬೇರ್ಪಡಿಸಲು ಅದೇ ಫಿನಾಲ್ ದ್ರಾವಣ ಬೇಕು. ತಾಗಿದರೆ ಚರ್ಮ ಬಿಳಿಚಿಕೊಂಡು ಜೋಮು ಹಿಡಿಯುತ್ತದೆ. ಹಾಗಾಗಿ ಮೇಡಂ ಎಡ ಮುಂಗೈ ಮೇಲಿನ ಪೇಲವ ಮಚ್ಚೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅವರೂ ಕೂಡ.

ಒಂದು ದಿನ ಒಲೆಯ ಮೇಲಿದ್ದ ಗಾಜಿನ ಫ್ಲಾಸ್ಕನ್ನು ಬರಿಗೈಯಲ್ಲಿ ಎತ್ತಿ ಹಿಡಿದು ಮಾತಾಡುತ್ತಲೇ ಇದ್ದರು. ಚರ್ಮ ಸುಟ್ಟ ವಾಸನೆ ನನಗೆ ಬಂತು.

"ಮೇಡಂ, ಕೈ..."

ಅಂಗೈ ನೋಡಿಕೊಂಡರು. ಆಮೇಲೆ ನನ್ನನ್ನು. "ಉರೀತಾನೇ ಇಲ್ವಲ್ಲೇ," ಎಂದರು.

ಅಂದಿನಿಂದ ತುಂಬು ತೋಳಿನ ರವಿಕೆ. ಕಿರುಬೆರಳು, ಉಂಗುರದ ಬೆರಳು ಮೆಲ್ಲನೆ ಒಳಕ್ಕೆ ಬಾಗತೊಡಗಿದವು. ಸಣ್ಣ ಟ್ಯೂಬುಗಳು ಜಾರುತ್ತಿದ್ದವು. ಡಾಕ್ಟರ ಹತ್ತಿರ ಹೋಗೋಣವೆಂದರೆ, "ಈ ಪ್ರಯೋಗ ಮುಗೀಲಿ," ಎನ್ನುತ್ತಿದ್ದರು. ನನಗೆ ಆ ಕೈ ನೋಡಲು ಭಯವಾಗುತ್ತಿತ್ತು.

ಸುಮ್ಮನಿದ್ದ ಜೀನ್ ಒಂದರಿಂದ ಪಕ್ಕದ ತುಂಡು ಡಿಎನ್‌ಎ ಕತ್ತರಿಸಿ ತೆಗೆದು, ಆ ಜೀನನ್ನು ಗ್ರಂಥಿಯ ಸಾರದಲ್ಲಿಟ್ಟು ನೋಡಿದೆವು. ಆರ್‌ಎನ್‌ಎ ತಯಾರಾದರೆ ಗುರುತು ಬೀಳುವ ಎಕ್ಸ್‌ರೇ ಫಿಲ್ಮಿನಲ್ಲಿ, ಯಾವಾಗಲೂ ಖಾಲಿ ಇರುತ್ತಿದ್ದ ಜಾಗದಲ್ಲಿ ಕಪ್ಪು ಪಟ್ಟೆ ಮೂಡಿತ್ತು. ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯಲು ಹೋದರು. ಫಿಲ್ಮು ಬೆರಳ ಸಂದಿಯಿಂದ ಜಾರಿ ಬಿತ್ತು. ನಾನೇ ಎತ್ತಿ ಹಿಡಿದೆ.

"ಮಾತಾಡ್ತು ನೋಡು," ಎಂದರು. ಬಾಗಿದ ಬೆರಳುಗಳನ್ನು ನೋಡಿಕೊಂಡು, "ನಾಳೆ ಆಸ್ಪತ್ರೆಗೆ ಹೋಗೋಣ."

ಅವರ ಕಣ್ಣು ಮುಚ್ಚಿಸಿ ಡಾಕ್ಟರು ಸೂಜಿ ಚುಚ್ಚಿದರು. "ಚುಚ್ಚಿದಾಗ ಹೇಳಿ," ಎಂದರು. ಮೇಡಂ ಕಾಯುತ್ತಲೇ ಇದ್ದರು... ಕುಷ್ಠ. ಮಾತ್ರೆಯಿಂದ ಪೂರ್ತಿ ವಾಸಿಯಾಗುತ್ತೆ, ಇನ್ನೊಬ್ಬರಿಗೆ ಅಂಟುತ್ತೆ ಅನ್ನೋ ಹೆದರಿಕೆಯೂ ಬೇಡ. ಆದರೆ ಹೋದ ನರ ಬರಲ್ಲ ಎಂದರು ಡಾಕ್ಟರು.

ಸುದ್ದಿ ಹೇಗೆ ಹಬ್ಬಿತೋ. ಮುಂದಿನ ಸೋಮವಾರ ಅವರು ಮುಟ್ಟುತ್ತಿದ್ದ ಗಾಜಿನ ಸಾಮಾನೆಲ್ಲ ಲ್ಯಾಬಿನ ಬಾಗಿಲ ಹೊರಗೆ ಗೋಣಿಚೀಲದಲ್ಲಿತ್ತು. ಮೇಡಂ ನಿಂತು ನೋಡಿದರು. ಒಳಗೆ ಬರದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಮತ್ತೆ ಲ್ಯಾಬಿಗೆ ಬರಲಿಲ್ಲ.

ಹೋದ ವರ್ಷ ತೀರಿಕೊಂಡರೆಂದು ಅವರ ತಂಗಿ ಫೋನ್ ಮಾಡಿದ್ದರು. ಕಾಯಿಲೆ ಎಂದೋ ವಾಸಿಯಾಗಿತ್ತು. ಕೊನೆಯವರೆಗೂ ಮನೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರಂತೆ. ಜೀವಶಾಸ್ತ್ರ ಕೇಳಿ ಬಂದವರನ್ನು ಮಾತ್ರ, "ಅದು ನಂಗೆ ಬರಲ್ಲಪ್ಪ," ಎಂದು ವಾಪಸ್ ಕಳಿಸುತ್ತಿದ್ದರಂತೆ.